ಗಿಲ್ಬರ್ಟೊ ಅರುಡಾನ ಎಂಟುನೂರ ಮೂವತ್ತೊಂದು

ಫಾಲ್ ರಿವರ್ ಊರಿನಲ್ಲಿ, ವಲಸೆ ಬಂದ ಪೋರ್ಚುಗೀಸರೇ ತುಂಬಿದ ಕೊಲಂಬಿಯಾ ಬೀದಿಯಲ್ಲಿ ಗಿಲ್ಬರ್ಟೊ ಅರುಡಾ ಯಾರಿಗೂ ಒಂದು ಡಾಲರ್ ಬಾಕಿ ಇಟ್ಟವನಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಅವನು ಯಾರನ್ನೂ ಬಿಟ್ಟಿರಲಿಲ್ಲ. ಮಾಂಸದಂಗಡಿಯಲ್ಲಿ ಸಾಸೇಜು ಕೊಂಡರೂ ನೋಟನ್ನು ಎರಡು ಬೆರಳಲ್ಲಿ ಹಿಡಿದು, ಹಿಂದೆ ನಿಂತವರಿಗೂ ಕಾಣುವ ಹಾಗೆ ಮೇಲೆತ್ತಿ, "ನಗದು!" ಎಂದು ಘೋಷಿಸಿಯೇ ಕೆಳಗಿಡುತ್ತಿದ್ದ. ಪರದೆ ನೇಯುವ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ಮನುಷ್ಯ. ಹೆಂಡತಿ ಬೆಲ್ಮೀರಾ, ಒಬ್ಬಳೇ ಮಗಳು ಒಡೀಲಿಯಾ, ಮೂರಂತಸ್ತಿನ ಮರದ ಮನೆಯ ನಡುವಿನ ಅಂತಸ್ತಿನಲ್ಲಿ ಸಂಸಾರ. ಮನೆ ಅತ್ತೆ ಡಿಯೋಲಿಂಡಾ ಅವರದು. ಅವರು ಕೆಳಗಿನ ಅಂತಸ್ತಿನಲ್ಲಿದ್ದರು. ಗಿಲ್ಬರ್ಟೊ ತನ್ನ ಜೀವನಚರಿತ್ರೆ ಹೇಳುವಾಗ ಈ ಕೊನೆಯ ಸಂಗತಿ ಹೇಗೋ ಬಿಟ್ಟುಹೋಗುತ್ತಿತ್ತು.

"ಕ್ರೆಡಿಟ್ ಕಾರ್ಡ್ ಅಂದರೆ ಪಿಶಾಚಿ ತನ್ನ ವಿಳಾಸ ಬರೆದುಕೊಟ್ಟ ಚೀಟಿ" ಎನ್ನುವುದು ಅವನ ಸಿದ್ಧಾಂತ. ಇಂಥ ಸಿದ್ಧಾಂತಿಯ ಮಗಳು ಮದುವೆಗೆ ಒಪ್ಪಿದ್ದು ವಿಮೆ ಮಾರುವ ನಾರ್ಮಂಡ್ ತಿಬೋ ಎಂಬವನ ಮಗ ಲೂಸಿಯೆನ್‌ನನ್ನು. ನಾರ್ಮಂಡ್ ಬೆಳಗಿನ ಕಾಫಿಯನ್ನೂ ಕಾರ್ಡಿನಲ್ಲೇ ಕುಡಿಯುವ ಜಾತಿ. ಹೀಗಾಗಿ ಬೀಗರ ಮನೆಯ ಮೊದಲನೇ ಭಾನುವಾರದ ಊಟದಲ್ಲೇ ಎಡವಟ್ಟಾಯಿತು.

ಮಾಂಸದ ಪೈ ಬಡಿಸಿ ಮುಗಿದಿತ್ತು. ನಾರ್ಮಂಡ್ ಟೈ ಸವರಿಕೊಳ್ಳುತ್ತಾ ಕೇಳಿದ: "ಅದಿರಲಿ ಬೀಗರೇ, ನಿಮ್ಮ ಸ್ಕೋರ್ ಎಷ್ಟಿದೆ?"

ಗಿಲ್ಬರ್ಟೊ ಆ ವಾರ ಡಾಕ್ಟರ ಹತ್ತಿರ ಹೋಗಿ ಬಂದಿದ್ದ. ವಿನಯದಿಂದ ಹೇಳಿದ: "ನೂರ ನಲವತ್ತು."

ನಾರ್ಮಂಡ್‌ನ ಫೋರ್ಕು ಗಾಳಿಯಲ್ಲೇ ನಿಂತಿತು. "ನೂರ ನಲವತ್ತಾ? ಬೀಗರೇ, ಮುನ್ನೂರಕ್ಕಿಂತ ಕೆಳಗೆ ಯಾರಿಗೂ ಇರೋದೇ ಇಲ್ಲ! ಊರು ಬಿಟ್ಟು ಓಡಿಹೋದವನಿಗೂ ಮುನ್ನೂರಿರುತ್ತೆ!"

"ಮುನ್ನೂರಿದ್ದರೆ ಮನುಷ್ಯ ಓಡೋದು ಹಾಗಿರಲಿ, ಉಸಿರಾಡ್ತಾನಾ?"

"ನನಗೆ ಏಳುನೂರ ಎಪ್ಪತ್ತನಾಲ್ಕು" ಎಂದ ನಾರ್ಮಂಡ್, ಹೆಮ್ಮೆಯಿಂದ ಕತ್ತು ಉದ್ದ ಮಾಡಿ.

ಗಿಲ್ಬರ್ಟೊ ತಟ್ಟನೆ ಎದ್ದು ಆ ಉದ್ದವಾದ ಕತ್ತಿನ ಮೇಲೆ ಬೆರಳಿಟ್ಟು ನಾಡಿ ಹುಡುಕಿದ. "ಏಳಿ ಬೀಗರೇ, ಮೊದಲು ಆಸ್ಪತ್ರೆಗೆ ಹೋಗೋಣ. ಪೈ ಆಮೇಲೆ ತಿನ್ನಬಹುದು."

ಲೂಸಿಯೆನ್ ಇಬ್ಬರ ನಡುವೆ ಬಂದು, ಇದು ರಕ್ತದೊತ್ತಡದ ಮಾತಲ್ಲ, ಕ್ರೆಡಿಟ್ ಸ್ಕೋರಿನ ಮಾತು ಎಂದು ಬಿಡಿಸಿ ಹೇಳಿದ. ಸಾಲವನ್ನು ಎಷ್ಟು ನಿಯತ್ತಾಗಿ ತೀರಿಸುತ್ತೀರಿ ಎಂದು ನೋಡಿ ಕೊಡುವ ಅಂಕ; ಎಂಟುನೂರೈವತ್ತಕ್ಕಿಂತ ಮೇಲೆ ಇಲ್ಲ. ಆ ಅಂಕದ ಮಾತು ಬಂದದ್ದಕ್ಕೂ ಕಾರಣವಿತ್ತು. ಒಡೀಲಿಯಾ ಮತ್ತು ಲೂಸಿಯೆನ್ ಕೊಲಂಬಿಯಾ ಬೀದಿಯ ಖಾಲಿ ಚಪ್ಪಲಿ ಅಂಗಡಿಯನ್ನು ಬಾಡಿಗೆಗೆ ಹಿಡಿದು ಮಲಸಾಡಾ ಕರಿದು ಮಾರಬೇಕೆಂದಿದ್ದರು. ಬಿಸಿ ಎಣ್ಣೆಯಿಂದ ತೆಗೆದು ಸಕ್ಕರೆಯಲ್ಲಿ ಹೊರಳಿಸಿದ ಆ ಹಿಟ್ಟಿನ ರೊಟ್ಟಿಗೆ ಇಡೀ ಬೀದಿಯೇ ಪ್ರಾಣ ಬಿಡುತ್ತಿತ್ತು. ಆದರೆ ಅಂಗಡಿಯ ಮಾಲೀಕ ಹ್ಯಾಥವೇ, ಒಳ್ಳೆಯ ಸ್ಕೋರ್ ಇರುವ ಹಿರಿಯರೊಬ್ಬರು ಜಾಮೀನು ಹಾಕಲೇಬೇಕು ಎಂದಿದ್ದ.

"ನಾನೇ ಹಾಕ್ತೀನಿ" ಎಂದ ನಾರ್ಮಂಡ್. "ಬೋರ್ಡಿನ ಮೇಲೆ 'ತಿಬೋ ಅಂಡ್ ಸನ್' ಅಂತ ಬರೆಸಿದರೆ ಆಯ್ತು."

"ಕರಿಯೋಳು ನನ್ನ ಮಗಳು!"

"ಅದಕ್ಕೇನಂತೆ, ಕೆಳಗೆ ಸಣ್ಣಕ್ಷರದಲ್ಲಿ ಅವಳದ್ದೂ ಹಾಕಿಸೋಣ."

ಒಡೀಲಿಯಾ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳಪ್ಪ ಕೋಟು ತೊಟ್ಟಾಗಿತ್ತು.

ಮಾರನೆಯ ಬೆಳಿಗ್ಗೆ ಗಿಲ್ಬರ್ಟೊ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲಿದ್ದ. ಒಳಗೆ ಕೂತಿದ್ದವಳು ಒಡೀಲಿಯಾಳ ಶಾಲೆಯ ಗೆಳತಿ, ಮಿಸ್ ಪಚೇಕೊ.

"ನೋಡಮ್ಮಾ, ನಾನು ಜನ್ಮದಲ್ಲಿ ಸಾಲ ಮಾಡಿಲ್ಲ. ಪ್ರಾಮಾಣಿಕತೆಗೆ ಎಷ್ಟು ಅಂಕ ಕೊಟ್ಟಿದ್ದಾರೆ ನೋಡಿ ಹೇಳು. ಏಳುನೂರ ಎಪ್ಪತ್ತನಾಲ್ಕಕ್ಕಿಂತ ಒಂದು ಹೆಚ್ಚಿದ್ದರೂ ಸಾಕು."

ಹುಡುಗಿ ಕಂಪ್ಯೂಟರ್ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು. "ಅಂಕಲ್, ಎಂಟುನೂರ ಮೂವತ್ತೊಂದು!"

ಗಿಲ್ಬರ್ಟೊ ಟೋಪಿ ತೆಗೆದ.

"ತುಂಬ ಹಳೇ ಖಾತೆ, ಒಂದು ಸಲವೂ ಗಡುವು ತಪ್ಪಿಲ್ಲ. ಆದರೆ ಅಂಕಲ್, ಇರೋದು ಇದೊಂದೇ ಖಾತೆ. ಇದರಲ್ಲಿ ನಿಮ್ಮ ಹೆಸರು ಹೇಗಿದೆ ಅಂದರೆ…"

ಹೇಗಿದೆ ಎಂದು ಹೇಳುವ ಹೊತ್ತಿಗೆ ಅವನು ಬಾಗಿಲ ಹತ್ತಿರ ಕಾವಲುಗಾರನ ಎರಡೂ ಕೈ ಹಿಡಿದು ಕುಲುಕುತ್ತಿದ್ದ. ಸರ್ಕಾರ ಎಲ್ಲವನ್ನೂ ಗಮನಿಸುತ್ತಿತ್ತು! ಮಾಂಸದಂಗಡಿಯ ಆ ಒಂದೊಂದು ನೋಟೂ ಎಲ್ಲೋ ಮೇಲಿನವರ ಕಣ್ಣಿಗೆ ಬಿದ್ದಿತ್ತು!

ಆ ದಿನದಿಂದ ಕೊಲಂಬಿಯಾ ಬೀದಿಯಲ್ಲಿ ಗಿಲ್ಬರ್ಟೊನ ನಡಿಗೆಯೇ ಬದಲಾಯಿತು. ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು ಹಾಕುವಾಗ ಎಲೆಗಳನ್ನೇ ನೋಡುತ್ತಿರಲಿಲ್ಲ. ಎಂಟುನೂರ ಮೂವತ್ತೊಂದು ಇರುವವನು ಸೋತರೇನು, ಗೆದ್ದರೇನು. ಮೂಲೆ ಮನೆಯ ವಿಧವೆ ಪಿಯೆದಾದೆ ಆ ನಂಬರಿಗೆ ಲಾಟರಿ ಕಟ್ಟಿದಳು. ಬರಲಿಲ್ಲ. "ಲಾಟರಿಯವರಿಗೆ ನಿಯತ್ತಿಲ್ಲ" ಎಂದು ತೀರ್ಪು ಕೊಟ್ಟಳೇ ಹೊರತು ಗಿಲ್ಬರ್ಟೊನ ಮೇಲೆ ಅನುಮಾನ ಪಡಲಿಲ್ಲ. ನಾರ್ಮಂಡ್ ಸುದ್ದಿ ಕೇಳಿದ ದಿನ ಟೈ ಕಟ್ಟದೆ ಆಫೀಸಿಗೆ ಹೋದನಂತೆ.

ಶನಿವಾರ ಗಿಲ್ಬರ್ಟೊ ಚರ್ಚಿನಲ್ಲಿ ಪಾಪನಿವೇದನೆಗೆ ಮೊಣಕಾಲೂರಿದ.

"ಫಾದರ್, ನನಗೆ ಸ್ವಲ್ಪ ಅಹಂಕಾರ ಬಂದಿದೆ."

"ಎಷ್ಟು ಮಗೂ?"

"ಎಂಟುನೂರ ಮೂವತ್ತೊಂದು."

ಜಾಲರಿಯ ಆ ಕಡೆ ಪಾದ್ರಿಗಳು ಹತ್ತಿರ ಸರಿದರು. ಆಮೇಲೆ ಪಿಸುಮಾತು ಬಂತು: "ನನ್ನದು ಆರುನೂರ ಎಂಬತ್ತು. ಹೇಗೆ ಮಾಡಿದಿರಿ?"

ಪಾದ್ರಿಗಳೇ ಕೇಳಿದ ಮೇಲೆ ಉಪದೇಶ ಮಾಡದೆ ಇರಲಾದೀತೇ? ಸೆರಾಫಿಂನ ಕ್ಷೌರದಂಗಡಿಯೇ ಅವನ ಪೀಠವಾಯಿತು. "ಗುಟ್ಟೇನಿಲ್ಲ ಕಣ್ರಪ್ಪಾ. ಕಾರ್ಡ್ ಅನ್ನೋದನ್ನ ಮುಟ್ಟಬೇಡಿ. ಇದ್ದರೆ ಕತ್ತರಿಸಿ, ಖಾತೆ ಮುಚ್ಚಿಸಿ. ನನ್ನನ್ನ ನೋಡಿ!" ಎಂದು ಕನ್ನಡಿಗೇ ಹೇಳಿದ. ಸೆರಾಫಿಂ ಭಾವುಕ ಮನುಷ್ಯ. ಅಲ್ಲೇ ತನ್ನ ಹಳೆಯ ಕಾರ್ಡುಗಳನ್ನೆಲ್ಲ ತೆಗೆದು, ಗಿರಾಕಿಗಳ ಚಪ್ಪಾಳೆಯ ನಡುವೆ, ಕೂದಲು ಕತ್ತರಿಸುವ ಕತ್ತರಿಯಿಂದಲೇ ಚೂರು ಮಾಡಿದ.

ಇನ್ನು ಉಳಿದದ್ದು ಮನೆಯೊಳಗಿನ ಸುಧಾರಣೆ. ಡಿಯೋಲಿಂಡಾ ಅವರಿಗೆ ಎಂಬತ್ತನಾಲ್ಕು. ಕಪ್ಪು ಉಡುಪು, ಚುರುಕು ಕಣ್ಣು. ಟೀವಿಯಲ್ಲಿ ಸಾಮಾನು ಮಾರುವ ಕಾರ್ಯಕ್ರಮವೆಂದರೆ ಪಂಚಪ್ರಾಣ. ಆ ಸಂಜೆ ಗಿಲ್ಬರ್ಟೊ ಕೆಳಗಿಳಿದು ಬಂದಾಗ ಅವರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಕಾರ್ಡು ಹಿಡಿದು ಇಸ್ತ್ರಿಪೆಟ್ಟಿಗೆ ಕೊಳ್ಳುತ್ತಿದ್ದರು. ಬೆಲ್ಮೀರಾ ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದಳು.

"ಅತ್ತೆ, ಸಾಕು ಮಾಡಿ ಈ ಕಾರ್ಡಿನ ಹುಚ್ಚು. ಬೀದಿಯವರು ಏನಂತಾರೆ? ನನ್ನ ಹೆಸರಿಗೊಂದು ಮರ್ಯಾದೆ ಇದೆ. ನನ್ನ ಹೆಸರು ಆ ಕಾರ್ಡಿನ ಹತ್ತಿರಕ್ಕೂ ಸುಳೀಬಾರದು!"

ಡಿಯೋಲಿಂಡಾ ಟೀವಿಯ ಸದ್ದು ತಗ್ಗಿಸಿದರು. "ಹತ್ತಿರಕ್ಕೂ ಸುಳೀಬಾರದಾ?"

"ಸುಳೀಬಾರದು!"

"ಯೋಚನೆ ಮಾಡಿ ಹೇಳ್ತಿದ್ದೀರಾ ಅಳಿಯಂದ್ರೇ?"

"ಎಂಟುನೂರ ಮೂವತ್ತೊಂದು ಇರೋನು ಯೋಚನೆ ಮಾಡದೆ ಬಾಯಿ ಬಿಡಲ್ಲ."

"ಅಮ್ಮಾ, ಬೇಡ" ಎಂದಳು ಬೆಲ್ಮೀರಾ ಗಾಬರಿಯಿಂದ.

"ನೀನು ಸುಮ್ಮನಿರೇ. ಗಂಡಸರು ಬಾಯಿಬಿಟ್ಟು ಕೇಳಿದ್ದನ್ನ ಒಂದೊಂದು ಸಲ ಕೊಟ್ಟುಬಿಡಬೇಕು" ಎಂದ ಮುದುಕಿ ಕಾರ್ಡಿನ ಹಿಂದಿದ್ದ ನಂಬರು ಒತ್ತಿ, ಪೋರ್ಚುಗೀಸು ಬಲ್ಲವರನ್ನು ಕೊಡಿ ಎಂದು ಕೇಳಿ, ಬಾಗಿಲು ಮುಚ್ಚಿಕೊಂಡರು. ಗಿಲ್ಬರ್ಟೊ ಜಯಶಾಲಿಯಾಗಿ ಮಹಡಿ ಹತ್ತಿದ.

ಹ್ಯಾಥವೇ ಊರಲ್ಲಿರಲಿಲ್ಲ. ಅವನು ಬರುವ ಹೊತ್ತಿಗೆ ಮುಂದಿನ ತಿಂಗಳೂ ಅರ್ಧ ಕಳೆದಿತ್ತು. ಜಾಮೀನಿಗೆ ಸಹಿ ಹಾಕಬೇಕಾದ ದಿನ ಬೆಳಿಗ್ಗೆ ಗಿಲ್ಬರ್ಟೊ ಸೆರಾಫಿಂನ ಕುರ್ಚಿಯಲ್ಲಿ ಕೂತು ರಾಜನಂತೆ ಕಣ್ಣು ಮುಚ್ಚಿದ್ದ. ಎಡಗಡೆ ಮುಗಿದಿತ್ತು. ಆಗ ಸೆರಾಫಿಂನ ಫೋನು ರಿಂಗಾಯಿತು. ಅವನು "ಹೂಂ… ಹೂಂ… ಏನು?" ಎಂದ, ಆಮೇಲೆ ಕತ್ತರಿ ಕೆಳಗಿಟ್ಟ.

"ನಾನು ಕೊಳ್ಳಬೇಕು ಅಂತಿದ್ದ ವ್ಯಾನಿಗೆ ಬ್ಯಾಂಕಿನವರು ಸಾಲ ಕೊಡಲ್ಲವಂತೆ. ಹಳೇ ಕಾರ್ಡುಗಳನ್ನ ಮುಚ್ಚಿಸಿದ್ದರಿಂದ ನನ್ನ ಸ್ಕೋರ್ ಬಿದ್ದುಹೋಗಿದೆಯಂತೆ! ಇಪ್ಪತ್ತು ವರ್ಷದಿಂದ ಕಟ್ಟಿಕೊಂಡು ಬಂದಿದ್ದು!"

"ಹಾಗಾಗೋಕೆ ಸಾಧ್ಯವೇ ಇಲ್ಲ. ನನ್ನನ್ನ ನೋಡು—"

"ನೋಡ್ತಾನೇ ಇದ್ದೀನಿ. ಏಳು ಮೇಲೆ! ಬಲಗಡೇದು ನಗದು ಕೊಟ್ಟು ಬೇರೆ ಕಡೆ ಮಾಡಿಸ್ಕೋ!"

ಹೀಗೆ ಎಡಗಡೆಯಿಂದ ಜಾಮೀನುದಾರನಂತೆಯೂ ಬಲಗಡೆಯಿಂದ ಹಕ್ಕಿಯ ಗೂಡಿನಂತೆಯೂ ಕಾಣುತ್ತಾ ಗಿಲ್ಬರ್ಟೊ ಹ್ಯಾಥವೇಯ ಆಫೀಸಿಗೆ ಬಂದ. ಒಡೀಲಿಯಾ, ಲೂಸಿಯೆನ್ ಆಗಲೇ ಕೂತಿದ್ದರು. ನಾರ್ಮಂಡ್ ಕಿಟಕಿಯ ಪಕ್ಕ ನಿಂತಿದ್ದ. ಎಂಟುನೂರ ಮೂವತ್ತೊಂದನ್ನು ಕಣ್ಣಾರೆ ನೋಡಬೇಕೆಂದು ಬಂದಿದ್ದ.

ಹ್ಯಾಥವೇ ಹೆಸರು, ಜನ್ಮದಿನ ಎಲ್ಲ ಕೇಳಿಕೊಂಡು ಗುಂಡಿ ಒತ್ತಿದ. ಕಾದ. ಮತ್ತೆ ಒತ್ತಿದ.

"ಮಿಸ್ಟರ್ ಅರುಡಾ, ನಿಮಗೆ ಸ್ಕೋರ್ ಇಲ್ಲ."

"ಎಷ್ಟಿಲ್ಲ?"

"ಇಲ್ಲವೇ ಇಲ್ಲ. ಸೊನ್ನೆಯೂ ಇಲ್ಲ. ಹೀಗೊಬ್ಬ ಮನುಷ್ಯ ಇದ್ದಾನೆ ಅನ್ನೋ ಕುರುಹೇ ಇಲ್ಲಿಲ್ಲ."

"ಇಲ್ಲೇ ಕೂತಿದ್ದೀನಲ್ಲ ಸ್ವಾಮಿ! ಮುಟ್ಟಿ ನೋಡಿ!"

"ನೀವು ಕೂತಿರೋದು ನನಗೆ ಕಾಣುತ್ತೆ. ಅದಕ್ಕೆ ಕಾಣ್ತಿಲ್ಲ" ಎಂದ ಹ್ಯಾಥವೇ, ಕಂಪ್ಯೂಟರನ್ನು ತೋರಿಸಿ.

"ಇನ್ನೊಂದು ಸಲ ಒತ್ತಿ. ಬಲಗಡೆ ಕೂದಲು ನೋಡಿ ಗುರುತು ಸಿಕ್ಕಿಲ್ಲವೇನೋ."

ಒಡೀಲಿಯಾ ಅಪ್ಪನ ತೋಳು ಹಿಡಿದಳು. ನಾರ್ಮಂಡ್ ಗಂಟಲು ಸರಿಮಾಡಿಕೊಂಡ. ಅವನು ಕೆಟ್ಟವನಲ್ಲ, ಆದರೆ ಇಂಥ ಗಳಿಗೆ ವಿಮೆಯವರ ಬಾಳಿನಲ್ಲಿ ದಿನಾ ಬರುವುದಿಲ್ಲ. "ಪರವಾಗಿಲ್ಲ ಬೀಗರೇ. ಏಳುನೂರ ಎಪ್ಪತ್ತನಾಲ್ಕು ಇಲ್ಲೇ ನಿಂತಿದೆ. ಬೋರ್ಡಿನವನಿಗೆ ನಾನೇ ಹೇಳ್ತೀನಿ."

"ನಾಳೆವರೆಗೂ ಟೈಮು ಕೊಡಿ" ಎಂದು ಹ್ಯಾಥವೇಯನ್ನು ಬೇಡಿಕೊಂಡು ಗಿಲ್ಬರ್ಟೊ ಬ್ಯಾಂಕಿಗೆ ಓಡಿದ.

ಮಿಸ್ ಪಚೇಕೊ ಈ ಸಲ ಮೊದಲು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಮಾತು ತೆಗೆದಳು. "ಅಂಕಲ್, ಅವತ್ತು ಹೇಳೋಕೆ ಬಂದೆ, ನೀವು ನಿಲ್ಲಲಿಲ್ಲ. ಆ ಖಾತೆ ನಿಮ್ಮದಲ್ಲ. ಡಿಯೋಲಿಂಡಾ ಅಜ್ಜೀದು. ನಿಮ್ಮ ಮದುವೆಯಾದ ವರ್ಷ ಅವರು ತಮ್ಮ ಕಾರ್ಡಿಗೆ ನಿಮ್ಮ ಹೆಸರು ಸೇರಿಸಿದ್ದಾರೆ. ಅಧಿಕೃತ ಬಳಕೆದಾರ ಅಂತಾರೆ. ಸಾಲ ತೀರಿಸೋ ಹೊಣೆ ಅವರದು, ಆದರೆ ಅವರು ತೀರಿಸಿ ಗಳಿಸಿದ ಒಳ್ಳೇ ಹೆಸರು ನಿಮ್ಮ ಲೆಕ್ಕಕ್ಕೂ ಬರುತ್ತೆ."

"ಅವರು ತಪ್ಪಿದ್ದರೆ?"

"ನಿಮ್ಮದೂ ಬೀಳ್ತಿತ್ತು. ಅವರು ತಪ್ಪಲೇ ಇಲ್ಲ. ಹೋದ ತಿಂಗಳು ನಿಮ್ಮ ಹೆಸರು ತೆಗೆಸಿದ್ದಾರೆ. ನಿಮಗೆ ಬೇರೆ ಖಾತೆಯೇ ಇಲ್ಲವಲ್ಲ. ಅದು ಹೋಯ್ತು, ಅದರ ಜೊತೆ ಸ್ಕೋರೂ ಹೋಯ್ತು."

ಗಿಲ್ಬರ್ಟೊ ಎದ್ದು, ಯಾರ ಕೈಯನ್ನೂ ಕುಲುಕದೆ ಮನೆಗೆ ಬಂದ.

ಡಿಯೋಲಿಂಡಾ ಅಡುಗೆಮನೆಯಲ್ಲಿ ಸೊಪ್ಪಿನ ಸಾರು ತಿರುವುತ್ತಿದ್ದರು. ಅಳಿಯನ ತಲೆ ನೋಡಿ ಸೌಟು ಕೆಳಗಿಟ್ಟರು. "ಇದೇನಿದು, ಅರ್ಧ ನಗದು ಅರ್ಧ ಸಾಲಾನಾ?"

"ಅತ್ತೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಮದುವೆಯಾದ ವರ್ಷವೇ ಬೆಲ್ಮೀರಾ ಹೇಳಿದ್ದಳು. ನೀವು ಫುಟ್‌ಬಾಲ್ ನೋಡ್ತಿದ್ರಿ. 'ಹೂಂ' ಅಂದಿರಿ."

ಅವನು ಕುರ್ಚಿಯ ಮೇಲೆ ಕುಸಿದ. ಮುದುಕಿ ಬಟ್ಟಲಿಗೆ ಸಾರು ಬಗ್ಗಿಸಿ ಅವನ ಮುಂದಿಟ್ಟರು.

"ಕೇಳಿ ಅಳಿಯಂದ್ರೇ. ನಿಮ್ಮ ಮಾವ ತೀರಿಕೊಂಡ ಮೇಲೆ ಹೊಲಿಗೆ ಗಿರಣೀಲಿ ನಾನೇ ದುಡೀತಿದ್ದೆ. ಕಾರ್ಡ್ ಕೊಡಿ ಅಂತ ಹೋದರೆ, ಗಂಡನ ಸಹಿ ತನ್ನಿ ಅಂದರು. ಸ್ಮಶಾನದಿಂದ ತರಲಾ ಅಂತ ಕೇಳಿದೆ. ಆಮೇಲೆ ಕಾನೂನು ಬದಲಾಯ್ತು, ಅದೇ ಬ್ಯಾಂಕಿನವರು ಕೈಗೆ ಕೊಟ್ಟರು. ಯಾವ ಗಂಡಸಿನ ಹೆಸರೂ ಇಲ್ಲದೆ, ಡಿಯೋಲಿಂಡಾ ಅಂತ ಒಂದೇ ಹೆಸರಿಗೆ. ಬಿಲ್ಲು ಬಂದ ದಿನವೇ ಕಟ್ಟದೆ ಒಂದು ರಾತ್ರಿ ಮಲಗಿಲ್ಲ. ನನಗೆ ಗಂಡು ಮಕ್ಕಳಿಲ್ಲ. ನೀವು ಬಂದಿರಿ. ಇನ್ನೊಂದು ಹೆಸರು ಸೇರಿಸಬಹುದು ಅಂದರು. ಸೇರಿಸಿದೆ. ಅಷ್ಟೇ."

ಗಿಲ್ಬರ್ಟೊ ಸಾರಿನಿಂದ ತಲೆ ಎತ್ತಲಿಲ್ಲ.

"ನಾಳೆ ಮತ್ತೆ ಸೇರಿಸ್ತೀನಿ. ಒಂದು ಫೋನು. ತಿಂಗಳೊಳಗೆ ಎಲ್ಲ ವಾಪಸ್ ಬರುತ್ತೆ."

"ಬೇಡ ಅತ್ತೆ" ಎಂದ ಗಿಲ್ಬರ್ಟೊ. "ಇಷ್ಟು ದಿನ ನಿಮ್ಮ ಅಂಕ ನಾನು ಹೊತ್ತು ಮೆರೆದೆ. ನಾಳೆ ನೀವೇ ಬನ್ನಿ."

ಮರುದಿನ ಡಿಯೋಲಿಂಡಾ ಚರ್ಚಿಗೆ ಹೋಗುವ ಕಪ್ಪು ಉಡುಪು ತೊಟ್ಟು, ಕೈಚೀಲ ಎದೆಗವಚಿಕೊಂಡು, ಅಳಿಯನ ತೋಳು ಹಿಡಿದು ಹ್ಯಾಥವೇಯ ಮುಂದೆ ಕೂತರು. ಹ್ಯಾಥವೇ, "ಅಜ್ಜಿ ಯಾಕೆ ಬಂದರು, ನೀರು ಕೊಡಲಾ?" ಎಂದ.

"ನೀರು ಆಮೇಲೆ. ಮೊದಲು ಗುಂಡಿ ಒತ್ತಿ" ಎಂದ ಗಿಲ್ಬರ್ಟೊ.

ಹ್ಯಾಥವೇ ಒತ್ತಿದ. ನಿಧಾನವಾಗಿ ಎದ್ದು ನಿಂತ. ಆ ಕುರ್ಚಿಯಲ್ಲಿ ಕೂತು ಎಷ್ಟೋ ಡಾಕ್ಟರು ವಕೀಲರನ್ನು ನೋಡಿದ್ದ. ಯಾರಿಗೂ ಎದ್ದು ನಿಂತಿರಲಿಲ್ಲ. "ಎಂಟುನೂರ ನಲವತ್ತಾರು" ಎಂದ. "ಮನೆಯೂ ಸ್ವಂತದ್ದು. ಅಮ್ಮಾ, ನಿಮ್ಮಂಥವರ ಹತ್ತಿರ ಜಾಮೀನು ಕೇಳೋಕೆ ನನಗೇ ನಾಚಿಕೆ ಆಗ್ತಿದೆ."

ನಾರ್ಮಂಡ್ ಬಗ್ಗಿ ಪರದೆ ನೋಡಿದ; ಬಗ್ಗಿದವನು ಹಾಗೇ ಡಿಯೋಲಿಂಡಾ ಅವರ ಕೈಗೆ ಮುತ್ತಿಟ್ಟ. "ಎಂಟುನೂರ ನಲವತ್ತಾರನ್ನ ನಾನು ಜೀವಮಾನದಲ್ಲಿ ಎದುರಿಗೆ ನೋಡಿರಲಿಲ್ಲ!"

"ನನ್ನ ಅತ್ತೆ!" ಎಂದು ಗಿಲ್ಬರ್ಟೊ ಕೂಗಿದ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಬಸ್ಸೇ ನಿಂತಿತು ಎನ್ನುತ್ತಾರೆ. ಅಲ್ಲಿ ನಿಲ್ದಾಣವಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. "ಹೊಲಿಗೆ ಗಿರಣೀಲಿ ದುಡಿದೋಳು! ಒಂದು ದಿನ ತಪ್ಪಿಲ್ಲ! ನನ್ನ ಅತ್ತೆ!"

ಬೋರ್ಡಿನ ಮೇಲೆ 'ಡಿಯೋಲಿಂಡಾ' ಎಂದೇ ಬರೆಸಿದರು. ಹಾಗೆಂದು ಒಡೀಲಿಯಾಳೇ ತೀರ್ಮಾನಿಸಿದಳು. ಅಷ್ಟು ದಿನದಲ್ಲಿ ಅವಳ ಮಾತು ಯಾರಾದರೂ ಕೇಳಿದ್ದು ಅದೇ ಮೊದಲು. ಬೋರ್ಡು ಏರಿಸುವಾಗ ಏಣಿಯ ಒಂದು ಕಾಲು ಗಿಲ್ಬರ್ಟೊ, ಇನ್ನೊಂದು ಕಾಲು ನಾರ್ಮಂಡ್ ಹಿಡಿದಿದ್ದರು. ಗಿಲ್ಬರ್ಟೊ ಸೆರಾಫಿಂನ ಅಂಗಡಿಗೂ ಹೋಗಿ, ಗಿರಾಕಿಗಳೆಲ್ಲ ತುಂಬಿರುವ ಹೊತ್ತು ನೋಡಿಯೇ ತಪ್ಪೊಪ್ಪಿಕೊಂಡ. ಸೆರಾಫಿಂ ಸಿಟ್ಟು ಬಿಡಲಿಲ್ಲ, ಆದರೂ ಬಲಗಡೆ ಕತ್ತರಿಸಿಕೊಟ್ಟ.

ಆಮೇಲೆ ಗಿಲ್ಬರ್ಟೊ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ. ಬ್ಯಾಂಕಿಗೆ ಹೋಗಿ ಮುನ್ನೂರು ಡಾಲರ್ ಠೇವಣಿ ಇಟ್ಟು, ಅಷ್ಟೇ ಮಿತಿಯ ಒಂದು ಕಾರ್ಡ್ ತೆಗೆದುಕೊಂಡ. ಕಾಲೇಜು ಹುಡುಗರಿಗೆ ಕೊಡುವಂಥದ್ದು. ತಿಂಗಳಿಗೊಮ್ಮೆ ಸಾಸೇಜು ಕೊಳ್ಳುವಾಗ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೊಡುತ್ತಿದ್ದ, ಬಿಲ್ಲು ಬಂದ ದಿನವೇ ಕಟ್ಟುತ್ತಿದ್ದ. ಒಂದು ಚಳಿಗಾಲ ಕಳೆದು ಮಿಸ್ ಪಚೇಕೊ ಅವನ ಸ್ವಂತದ ಅಂಕ ಹೇಳಿದಳು: ಆರುನೂರ ಅರವತ್ತೆಂಟು.

ಕ್ಲಬ್ಬಿನ ಮುಂದೆ ಹಾದುಬಂದ, ಒಳಗೆ ಹೋಗಲಿಲ್ಲ. ಸೀದಾ ಅತ್ತೆಯ ಬಾಗಿಲು ತಟ್ಟಿದ.

"ಆರುನೂರ ಅರವತ್ತೆಂಟು, ಅತ್ತೆ. ನನ್ನದೇ."

ಡಿಯೋಲಿಂಡಾ ಟೀವಿ ಪೂರ್ತಿ ಆರಿಸಿದರು. ಇಸ್ತ್ರಿಪೆಟ್ಟಿಗೆ, ಕುಕ್ಕರು, ಮುತ್ತಿನ ಸರ ಯಾವುದಕ್ಕೂ ಆರಿಸದ ಟೀವಿ. ಕಪ್ಪು ಉಡುಪು ತೊಟ್ಟು, "ನಡೀರಿ ಬ್ಯಾಂಕಿಗೆ" ಎಂದರು.

ಬ್ಯಾಂಕಿನಲ್ಲಿ ಅವರು ಕುರ್ಚಿಯ ತುದಿಯಲ್ಲಿ ಕೂತು ಮಿಸ್ ಪಚೇಕೊಗೆ ಹೇಳಿದರು: "ನನ್ನ ಅಳಿಯನ ಕಾರ್ಡಿಗೆ ನನ್ನ ಹೆಸರು ಸೇರಿಸಮ್ಮ."

"ಅಜ್ಜೀ!" ಎಂದಳು ಹುಡುಗಿ. "ಅದು ಹೊಸ ಖಾತೆ. ನಿಮ್ಮ ಎಂಟುನೂರ ನಲವತ್ತಾರು ಸ್ವಲ್ಪ ಇಳಿದರೂ ಇಳೀಬಹುದು."

"ಇಳೀಲಿ. ಎಂಬತ್ತೈದಕ್ಕೆ ಎಲ್ಲ ಇಳಿಯುತ್ತೆ. ನನಗೆ ಅಂಕ ಬೇಡ, ಅವನ ಹೆಸರಿನ ಕೆಳಗೆ ನನ್ನ ಹೆಸರಿರಬೇಕು. ಬೀದಿಯಲ್ಲಿ ನಾಲ್ಕು ಜನಕ್ಕೆ ತೋರಿಸಬೇಕು."

ಗಿಲ್ಬರ್ಟೊ ಮುಖ ಆ ಕಡೆ ತಿರುಗಿಸಿ ಗೋಡೆಯ ಮೇಲಿದ್ದ ಬಡ್ಡಿದರದ ಪಟ್ಟಿಯನ್ನು ಬಹಳ ಶ್ರದ್ಧೆಯಿಂದ ಓದಿದ.

"ಸರಿ" ಎಂದಳು ಹುಡುಗಿ, ಗುಂಡಿ ಒತ್ತುತ್ತಾ. "ಅಂಕಲ್, ಅಜ್ಜಿ ಇದರಲ್ಲಿ ಎಷ್ಟು ಖರ್ಚು ಮಾಡಬಹುದು ಅಂತ ಒಂದು ಮಿತಿ ಹಾಕಬೇಕಾ?"

ಗಿಲ್ಬರ್ಟೊ ಕರವಸ್ತ್ರ ಜೇಬಿಗೆ ತುರುಕಿಕೊಂಡು, ಕಾವಲುಗಾರನಿಗೂ ಕೇಳುವ ಹಾಗೆ ಹೇಳಿದ: "ನನ್ನ ಅತ್ತೆಗೆ ಮಿತಿ ಹಾಕೋ ಬ್ಯಾಂಕು ಇನ್ನೂ ಹುಟ್ಟಿಲ್ಲಮ್ಮ. ಹಾಗೇ ಬಿಡು!"